ಬಾವಲಿ: ವರ್ಗೀಕರಣ ಮತ್ತು ಅಂಗರಚನೆಯ ವಿಕಾಸ

ರೆಕ್ಕೆ ಬಡಿದು ನಿಜವಾಗಿ ಹಾರಬಲ್ಲ ಸಸ್ತನಿ ಬಾವಲಿಯೊಂದೇ. ಹಾರುವ ಅಳಿಲು, ಕೊಲುಗೊ ಮೊದಲಾದವು ಮರದಿಂದ ಮರಕ್ಕೆ ತೇಲಿ ಇಳಿಯುತ್ತವೆಯೇ ಹೊರತು ಸ್ವಂತ ಬಲದಿಂದ ಗಾಳಿಯಲ್ಲಿ ಮೇಲೇರಲಾರವು. ಬಾವಲಿಗಳು ಸಸ್ತನಿ ವರ್ಗದ ಕೈರಾಪ್ಟೆರ ಗಣಕ್ಕೆ ಸೇರಿವೆ. ಈ ಗಣದಲ್ಲಿ ಈಗ 21 ಕುಟುಂಬಗಳನ್ನೂ 1,400ಕ್ಕೂ ಹೆಚ್ಚು ಪ್ರಭೇದಗಳನ್ನೂ ಗುರುತಿಸಲಾಗಿದೆ. ಸಸ್ತನಿ ಪ್ರಭೇದಗಳಲ್ಲಿ ಸುಮಾರು ಐದಕ್ಕೊಂದು ಬಾವಲಿ; ಇದಕ್ಕಿಂತ ದೊಡ್ಡ ಸಸ್ತನಿ ಗಣವೆಂದರೆ ಇಲಿ, ಅಳಿಲುಗಳ ದಂಶಕ ಗಣ ಮಾತ್ರ. ಥಾಯ್ಲೆಂಡಿನ ಗುಹೆಗಳಲ್ಲಿರುವ ಹಂದಿಮೂತಿ ಬಾವಲಿ ಎರಡು ಗ್ರಾಂ ತೂಗಿದರೆ, ಫಿಲಿಪ್ಪೀನ್ಸಿನ ಹೊಂದಲೆಯ ಹಣ್ಣು ಬಾವಲಿ ಒಂದು ಕಿಲೋಗ್ರಾಂ ಮೀರುತ್ತದೆ. ಭಾರತದಲ್ಲಿ 120ಕ್ಕೂ ಹೆಚ್ಚು ಪ್ರಭೇದಗಳಿವೆ.

ನಮ್ಮ ಹಳ್ಳಿಯೊಂದರಲ್ಲಿ ಮೂರು ಬಗೆಯ ಬಾವಲಿಗಳು ಸುಲಭವಾಗಿ ಕಾಣಸಿಗುತ್ತವೆ. ಕೆರೆ ಏರಿಯ ಆಲದ ಮರದಲ್ಲಿ ಹಗಲೆಲ್ಲ ತಲೆಕೆಳಗಾಗಿ ತೂಗುವ ದೊಡ್ಡ ಹಣ್ಣು ಬಾವಲಿ ಒಂದು. ಹಾಳುಗುಡಿಯ ಗರ್ಭಗೃಹದ ಕತ್ತಲಲ್ಲಿ ನೇತಾಡುವ ಎಲೆಮೂಗಿನ ಸಣ್ಣ ಬಾವಲಿ ಇನ್ನೊಂದು. ಮುಸ್ಸಂಜೆ ಹಂಚಿನ ಸಂದಿನಿಂದ ಹೊರಬಿದ್ದು ಬೀದಿದೀಪದ ಸುತ್ತ ಹುಳ ಹಿಡಿಯುವ, ಹೆಬ್ಬೆರಳಷ್ಟು ಮೈಯ ಪಿಪಿಸ್ಟ್ರೆಲ್ ಮತ್ತೊಂದು. ಸಣ್ಣವೆರಡೂ ಹುಳ ತಿನ್ನುತ್ತವೆ, ಎರಡೂ ಮರುದನಿ ಕೇಳಿ ದಾರಿ ಕಂಡುಕೊಳ್ಳುತ್ತವೆ. ದೊಡ್ಡದು ಹಣ್ಣು ತಿನ್ನುತ್ತದೆ, ಕಣ್ಣು ಮೂಗುಗಳನ್ನು ನೆಚ್ಚುತ್ತದೆ. ಆದ್ದರಿಂದ ಸಣ್ಣವೆರಡು ದಾಯಾದಿಗಳು, ದೊಡ್ಡದು ದೂರದ್ದು ಎಂದು ತೋರುವುದು ಸಹಜ. ವಿಜ್ಞಾನವೂ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ನಂಬಿತ್ತು. ವಾಸ್ತವದಲ್ಲಿ ಗುಡಿಯ ಎಲೆಮೂಗಿನ ಬಾವಲಿಗೆ ಹತ್ತಿರದ ನಂಟು ಇರುವುದು ಆಲದ ಮರದ ದೊಡ್ಡ ಬಾವಲಿಯ ಜೊತೆ. ಹಂಚಿನ ಸಂದಿಯ ಪಿಪಿಸ್ಟ್ರೆಲ್ ಇವೆರಡಕ್ಕೂ ದೂರದ ಬಳಗ. ಕಣ್ಣಿಗೆ ಕಾಣುವ ಹೋಲಿಕೆ ಎಲ್ಲಿ ವಂಶದಿಂದ ಬಂದದ್ದು, ಎಲ್ಲಿ ಬದುಕಿನ ಒತ್ತಡದಿಂದ ಬಂದದ್ದು ಎಂದು ಬಿಡಿಸಿ ನೋಡುವುದೇ ಬಾವಲಿ ವರ್ಗೀಕರಣದ ಮುಖ್ಯ ತೊಡಕು.

ಹೆಸರು ಮತ್ತು ಹಳೆಯ ವಿಂಗಡಣೆ

ಕನ್ನಡದಲ್ಲಿ ಬಾವಲಿ, ತೊಗಲುಬಾವಲಿ, ತೊಗಲಹಕ್ಕಿ, ಕಣ್ಣಕಪ್ಪಡಿ ಎಂಬ ಹೆಸರುಗಳಿವೆ. ಸಂಸ್ಕೃತದ ಅಮರಕೋಶ ಇದನ್ನು ಜತುಕಾ, ಅಜಿನಪತ್ರಾ ಎನ್ನುತ್ತದೆ. ಅಜಿನವೆಂದರೆ ತೊಗಲು, ಪತ್ರವೆಂದರೆ ರೆಕ್ಕೆ. ತೊಗಲಹಕ್ಕಿಯೂ ಅಜಿನಪತ್ರಾವೂ ಒಂದೇ ಲಕ್ಷಣವನ್ನು ಹಿಡಿದಿವೆ: ಇದರ ರೆಕ್ಕೆಯಲ್ಲಿ ಗರಿಯಿಲ್ಲ. ಹಾರುವುದನ್ನು ಹಕ್ಕಿಯೆಂದು ಕರೆದರೂ ಗರಿಯಿಲ್ಲದ್ದನ್ನು ಬೇರೆಯಾಗಿ ಎತ್ತಿ ಹೇಳಿದ ಆ ಗಮನವನ್ನು ಕಡೆಗಣಿಸುವಂತಿಲ್ಲ.

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ತನ್ನ ಸಿಸ್ಟೆಮಾ ನ್ಯಾಚುರೆ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಆಗ ತಿಳಿದಿದ್ದ ಏಳು ಬಾವಲಿಗಳನ್ನು ವೆಸ್ಪರ್ಟಿಲಿಯೊ ಎಂಬ ಒಂದೇ ಜಾತಿಯಡಿ ತಂದ. ಆ ಜಾತಿಯನ್ನು ಅವನು ಇರಿಸಿದ್ದು ಮನುಷ್ಯ, ಕೋತಿ, ಲೀಮರುಗಳಿರುವ ಪ್ರೈಮೇಟ್ ಗಣದಲ್ಲಿ. ಎದೆಯ ಮೇಲೆ ಒಂದು ಜೊತೆ ಮೊಲೆ, ಮೇಲ್ದವಡೆಯಲ್ಲಿ ನಾಲ್ಕು ಬಾಚಿಹಲ್ಲು ಎಂಬುದು ಆ ಗಣಕ್ಕೆ ಅವನಿಟ್ಟ ಗುರುತು. ಬಾವಲಿಗೂ ಮೊಲೆ ಎದೆಯ ಮೇಲೆಯೇ ಇದೆ. ಇಪ್ಪತ್ತೊಂದು ವರ್ಷಗಳ ನಂತರ, 1779ರಲ್ಲಿ, ಜರ್ಮನಿಯ ಬ್ಲೂಮೆನ್‌ಬಾಖ್ ಬಾವಲಿಗಳಿಗೆ ಪ್ರತ್ಯೇಕ ಗಣವನ್ನು ಮಾಡಿ ಕೈರಾಪ್ಟೆರ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯ ಕೈ, ರೆಕ್ಕೆ ಎಂಬ ಎರಡು ಮಾತುಗಳನ್ನು ಕೂಡಿಸಿದ ಈ ಹೆಸರು ಬಾವಲಿಯ ಅಂಗರಚನೆಯ ಸಾರವನ್ನೇ ಹೇಳುತ್ತದೆ.

ಭಾರತದೊಂದಿಗೆ ಈ ಚರಿತ್ರೆ ನೇರವಾಗಿ ಹೆಣೆದುಕೊಳ್ಳುವುದು ಜಾರ್ಜ್ ಎಡ್ವರ್ಡ್ ಡಾಬ್ಸನ್‌ನಿಂದ. ಐರ್ಲೆಂಡಿನವನಾದ ಈತ ಸೇನಾ ವೈದ್ಯನಾಗಿ ಭಾರತಕ್ಕೆ ಬಂದು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದ್ದ ಬಾವಲಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಏಷ್ಯಾದ ಬಾವಲಿಗಳ ಕುರಿತ ಗ್ರಂಥವನ್ನು 1876ರಲ್ಲಿ ಹೊರತಂದ. ಅದಕ್ಕೆ ಒಂದು ವರ್ಷ ಮೊದಲು ಅವನು ಮಾಡಿದ ವಿಂಗಡಣೆ ಎಲ್ಲ ಪಠ್ಯಪುಸ್ತಕಗಳಿಗೂ ಹಬ್ಬಿತು. ಹಣ್ಣು ತಿನ್ನುವ, ನಾಯಿಮೂತಿಯ, ದೊಡ್ಡ ಕಣ್ಣಿನ ಬಾವಲಿಗಳೆಲ್ಲ ಮೆಗಾಕೈರಾಪ್ಟೆರ, ಉಳಿದವೆಲ್ಲ ಮೈಕ್ರೊಕೈರಾಪ್ಟೆರ. ಮಹಾಬಾವಲಿ, ಕಿರುಬಾವಲಿ ಎನ್ನಬಹುದಾದ ಈ ಜೋಡಿ ನೆನಪಿಗೆ ಸುಲಭ, ನೋಟಕ್ಕೂ ಸರಿ. ಮಹಾಬಾವಲಿಗಳಲ್ಲಿ ಹೆಬ್ಬೆರಳಲ್ಲದೆ ತೋರುಬೆರಳಿನಲ್ಲೂ ಸಾಮಾನ್ಯವಾಗಿ ಉಗುರಿರುತ್ತದೆ, ಕಿವಿಯ ಆಲೆಯ ಅಂಚು ಒಂದು ಸುತ್ತಾಗಿ ಕೂಡಿಕೊಂಡಿರುತ್ತದೆ, ಬಾಲ ಗಿಡ್ಡ ಅಥವಾ ಇಲ್ಲವೇ ಇಲ್ಲ. ಅಂಗಾಂಗಗಳ ಮಟ್ಟಿಗೆ ಡಾಬ್ಸನ್ ಕಂಡದ್ದರಲ್ಲಿ ತಪ್ಪಿರಲಿಲ್ಲ. ಆ ಅಂಗಾಂಗಗಳಿಂದ ವಂಶವನ್ನು ಊಹಿಸುವ ಹಂತದಲ್ಲಿ ಮಾತ್ರ ಎಡವಟ್ಟಾಯಿತು.

ವಾನರರ ನಂಟು

ಡಾಬ್ಸನ್‌ನ ವಿಂಗಡಣೆಯನ್ನು ಅದರ ಕೊನೆಯ ತುದಿಯವರೆಗೆ ಎಳೆದವನು ಆಸ್ಟ್ರೇಲಿಯದ ನರವಿಜ್ಞಾನಿ ಜಾನ್ ಪೆಟಿಗ್ರೂ. ಕಣ್ಣಿನ ಅಕ್ಷಿಪಟಲದಿಂದ ನಡುಮಿದುಳಿಗೆ ಹೋಗುವ ನರಗಳ ಹೆಣಿಗೆ ಹಣ್ಣು ಬಾವಲಿಗಳಲ್ಲಿ ಪ್ರೈಮೇಟ್‌ಗಳಲ್ಲಿರುವಂತೆಯೇ ಇದೆ, ಕಿರುಬಾವಲಿಗಳಲ್ಲಿ ಹಾಗಿಲ್ಲ ಎಂದು ಆತ 1986ರಲ್ಲಿ ತೋರಿಸಿದ. ಹಣ್ಣು ಬಾವಲಿಗಳು ನಿಜಕ್ಕೂ ಹಾರಲು ಕಲಿತ ವಾನರ ಬಂಧುಗಳು, ಕಿರುಬಾವಲಿಗಳು ಬೇರೆಯೇ ಮೂಲದವು, ಹಾರಾಟ ಸಸ್ತನಿಗಳಲ್ಲಿ ಎರಡು ಬಾರಿ ಹುಟ್ಟಿತು ಎಂಬುದು ಅವನ ವಾದ. ಲಿನೇಯಸ್ ಇನ್ನೂರು ವರ್ಷದ ಮೇಲೆ ಅರ್ಧ ಗೆದ್ದಂತೆ ಕಂಡ ಗಳಿಗೆ ಅದು. ಈ ವಾದ ತಪ್ಪೆಂದು ಆಮೇಲೆ ಸಾಬೀತಾಯಿತು. ಆದರೂ ಅದಕ್ಕೊಂದು ಗೌರವ ಸಲ್ಲಬೇಕು, ಏಕೆಂದರೆ ಅದನ್ನು ಅಲ್ಲಗಳೆಯುವ ಹಟದಿಂದಲೇ ಬಾವಲಿಗಳ ಡಿಎನ್‌ಎಯನ್ನು ಗಂಭೀರವಾಗಿ ಓದುವ ಕೆಲಸ ಬಿರುಸಾಯಿತು.

ವಂಶವಾಹಿಗಳು ಹೇಳಿದ ಮೊದಲ ಮಾತು ಸ್ಪಷ್ಟವಾಗಿತ್ತು: ಎಲ್ಲ ಬಾವಲಿಗಳಿಗೂ ಒಬ್ಬನೇ ಪೂರ್ವಜ, ಹಾರಾಟ ಹುಟ್ಟಿದ್ದು ಒಂದೇ ಸಲ. ಎರಡನೆಯ ಮಾತು ಅನಿರೀಕ್ಷಿತ. ಬಾವಲಿಗಳು ವಾನರಗಳಿಗಾಗಲಿ ಕೊಲುಗೊಗಳಿಗಾಗಲಿ ಇಲಿಗಳಿಗಾಗಲಿ ಹತ್ತಿರದವಲ್ಲ. ಅವು ಲಾರೇಸಿಯಾಥೀರಿಯ ಎಂಬ ಮಹಾಗುಂಪಿನವು. ಬೆಕ್ಕು ನಾಯಿಗಳಂಥ ಮಾಂಸಾಹಾರಿಗಳು, ಚಿಪ್ಪುಹಂದಿ, ಕುದುರೆ, ದನ, ತಿಮಿಂಗಿಲ ಇವೆಲ್ಲ ಅದೇ ಗುಂಪಿನಲ್ಲಿವೆ. ಇವುಗಳೊಳಗೆ ಬಾವಲಿಗೆ ತೀರ ಒಡಹುಟ್ಟಾದದ್ದು ಯಾವುದೆಂಬ ವಾದ ಇನ್ನೂ ಮುಗಿದಿಲ್ಲ. ಕವಲುಗಳು ಬಹಳ ಬೇಗಬೇಗ ಒಡೆದದ್ದರಿಂದ ಆ ಕ್ರಮ ವಂಶವಾಹಿಗಳಲ್ಲಿ ಮಸುಕಾಗಿ ಉಳಿದಿದೆ.

ಯಿನ್ ಮತ್ತು ಯಾಂಗ್

ಮೂರನೆಯ ಮಾತೇ ಡಾಬ್ಸನ್‌ನ ಮನೆಯನ್ನು ಕೆಡವಿತು. 2000ದ ಆಸುಪಾಸಿನಲ್ಲಿ ಎಮ್ಮಾ ಟೀಲಿಂಗ್, ಮಾರ್ಕ್ ಸ್ಪ್ರಿಂಗರ್ ಮತ್ತು ಅವರ ಸಂಗಡಿಗರು ಹಲವು ವಂಶವಾಹಿಗಳನ್ನು ಒಟ್ಟಿಗೆ ಹೋಲಿಸಿದಾಗ ಕಿರುಬಾವಲಿಗಳೆಂಬ ಗುಂಪು ಇಬ್ಭಾಗವಾಯಿತು. ಕುದುರೆಲಾಳದ ಮೂಗಿನವು, ಎಲೆಮೂಗಿನವು, ಇಲಿಬಾಲದವು, ಹುಸಿ ರಕ್ತಪಾಯಿಗಳು, ಹಂದಿಮೂತಿಯವು, ಇವೆಲ್ಲ ಹಣ್ಣು ಬಾವಲಿಗಳ ಜೊತೆ ಒಂದೇ ಕೊಂಬೆಯಲ್ಲಿ ಬಂದು ಕೂತವು. 2005ರ ಹೊತ್ತಿಗೆ ಈ ಚಿತ್ರ ಗಟ್ಟಿಯಾಯಿತು. ಈ ಕೊಂಬೆಯ ಹೆಸರು ಯಿನ್‌ಟೆರೊಕೈರಾಪ್ಟೆರ, ಅದರಲ್ಲಿ ಏಳು ಕುಟುಂಬಗಳು. ಉಳಿದ ಹದಿನಾಲ್ಕು ಕುಟುಂಬಗಳ ಕೊಂಬೆ ಯಾಂಗೊಕೈರಾಪ್ಟೆರ.

ಚೀನಾದ ಯಿನ್-ಯಾಂಗ್ ಇಲ್ಲಿಗೆ ಹೇಗೆ ಬಂದವು ಎಂದು ಯಾರಿಗಾದರೂ ಅನ್ನಿಸಬಹುದು. 1980ರ ದಶಕದಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಕಾರ್ಲ್ ಕೂಪ್‌ಮನ್ ಮೇಲ್ದವಡೆಯ ಮುಂತುದಿಯ ಮೂಳೆ ಅಲುಗಾಡುವ ಕಿರುಬಾವಲಿಗಳನ್ನು ಯಿನ್ ಎಂದೂ ಆ ಮೂಳೆ ಬೆಸೆದುಕೊಂಡವನ್ನು ಯಾಂಗ್ ಎಂದೂ ಕರೆದಿದ್ದ. ಹಣ್ಣು ಬಾವಲಿಗಳನ್ನು ಅವನು ಇದರಿಂದ ಹೊರಗಿಟ್ಟಿದ್ದ. ಅವನ ಯಿನ್ ಗುಂಪಿಗೆ ಹಣ್ಣು ಬಾವಲಿಗಳ ಟೆರೊಪೊಡಿಡೆ ಕುಟುಂಬ ಸೇರಿದಾಗ ಹೆಸರೂ ಉದ್ದವಾಯಿತು. ಜೊತೆಗೆ ಅವನ ಯಿನ್ ಪಟ್ಟಿಯಲ್ಲಿದ್ದ ಎರಡು ಕುಟುಂಬಗಳು ಯಾಂಗ್ ಕಡೆಗೆ ದಾಟಿದವು. ಅವುಗಳಲ್ಲೊಂದು, ಕೋಟೆ ಕೊತ್ತಲಗಳ ಬಿರುಕುಗಳಲ್ಲಿ ಗೋಡೆಗೆ ಮೈಯೊತ್ತಿ ಕೂರುವ ಗೋರಿ ಬಾವಲಿಗಳ ಕುಟುಂಬ. ಆದರೂ ದವಡೆಯ ಒಂದು ಚಿಕ್ಕ ಮೂಳೆಯನ್ನು ನೋಡಿ ಕೂಪ್‌ಮನ್ ಅಷ್ಟು ಹತ್ತಿರ ಬಂದದ್ದು ಅಚ್ಚರಿಯೇ.

ಯಾಂಗ್ ಕೊಂಬೆಯಲ್ಲಿ ಅತಿ ದೊಡ್ಡದು ವೆಸ್ಪರ್ಟಿಲಿಯೊನಿಡೆ ಕುಟುಂಬ. 500ಕ್ಕೂ ಹೆಚ್ಚು ಪ್ರಭೇದಗಳಿರುವ ಇದರಲ್ಲೇ ನಮ್ಮ ಪಿಪಿಸ್ಟ್ರೆಲ್‌ಗಳಿವೆ. ಅಮೆರಿಕ ಖಂಡಗಳಿಗೇ ಸೀಮಿತವಾದ ಫಿಲಾಸ್ಟೊಮಿಡೆ, ಬಾಲ ಚರ್ಮದಿಂದ ಆಚೆ ಚಾಚಿರುವ ಮೊಲೊಸಿಡೆ, ಇತ್ತೀಚೆಗೆ ಪ್ರತ್ಯೇಕ ಕುಟುಂಬವೆಂದು ಒಪ್ಪಿತವಾದ ಬಾಗುರೆಕ್ಕೆಯ ಮಿನಿಯಾಪ್ಟೆರಿಡೆ ಇತರ ಮುಖ್ಯ ಕುಟುಂಬಗಳು.

ಪಳೆಯುಳಿಕೆಗಳು

ಬಾವಲಿಯ ಮೂಳೆ ಹಗುರ, ತೆಳು; ಕಲ್ಲಾಗುವ ಮೊದಲೇ ಪುಡಿಯಾಗುತ್ತದೆ. ಆದ್ದರಿಂದ ಸಿಕ್ಕ ಪಳೆಯುಳಿಕೆಗಳು ಕಡಿಮೆ, ಸಿಕ್ಕವಕ್ಕೆ ಬೆಲೆ ಹೆಚ್ಚು. ಅಮೆರಿಕದ ವಯೋಮಿಂಗ್ ರಾಜ್ಯದ ಗ್ರೀನ್ ರಿವರ್ ಶಿಲಾಪದರದಲ್ಲಿ, ಒಮ್ಮೆ ಸರೋವರದ ತಳವಾಗಿದ್ದ ನುಣುಪು ಕಲ್ಲಿನಲ್ಲಿ, ಸುಮಾರು 5.2 ಕೋಟಿ ವರ್ಷ ಹಳೆಯ ಪೂರ್ಣ ಅಸ್ಥಿಪಂಜರಗಳು ದೊರೆತಿವೆ. 1966ರಲ್ಲಿ ವಿವರಿಸಲಾದ ಇಕಾರೊನಿಕ್ಟೆರಿಸ್ ಆಗಲೇ ಪೂರ್ತಿ ಬಾವಲಿ; ತೋರುಬೆರಳಿನ ಉಗುರಿನಂಥ ಒಂದೆರಡು ಹಳೆಯ ಗುರುತು ಬಿಟ್ಟರೆ ಇಂದಿನ ಬಾವಲಿಗಳ ನಡುವೆ ಇಟ್ಟರೂ ಹೊಂದಿಕೊಳ್ಳುವಂಥದ್ದು.

ಅದೇ ಪದರದಿಂದ ಬಂದು 2008ರಲ್ಲಿ ಹೆಸರು ಪಡೆದ ಆನಿಕೊನಿಕ್ಟೆರಿಸ್ ಫಿನ್ನೆಯಿ ಇನ್ನೂ ಹಿಂದಿನ ಸ್ಥಿತಿಯನ್ನು ತೋರಿಸಿತು. ಇದರ ಐದು ಬೆರಳಲ್ಲೂ ಉಗುರಿದೆ. ಕೈ ಇಂದಿನ ಬಾವಲಿಗಳಷ್ಟು ಉದ್ದವಿಲ್ಲ, ಹಿಂಗಾಲು ಅವುಗಳಿಗಿಂತ ಉದ್ದ. ಮರವೇರುವ ಪ್ರಾಣಿಯೊಂದರ ಅಳತೆ ಇನ್ನೂ ಮೈಯಲ್ಲಿ ಉಳಿದಂತಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಳಗಿವಿಯಲ್ಲಿರುವ ಕಾಕ್ಲಿಯ ಎಂಬ ಶಂಖಾಕಾರದ ಅಂಗ ಸಣ್ಣದು. ಮರುದನಿಯಿಂದ ಬೇಟೆಯಾಡುವ ಬಾವಲಿಗಳಲ್ಲಿ ಅದು ದೊಡ್ಡದಿರುತ್ತದೆ. ಬಾವಲಿಗಳು ಮೊದಲು ಹಾರಲು ಕಲಿತು ಆಮೇಲೆ ಕತ್ತಲಲ್ಲಿ ಕೇಳಲು ಕಲಿತವೆಂದು ಇದರಿಂದ ನ್ಯಾನ್ಸಿ ಸಿಮನ್ಸ್ ಮತ್ತು ಸಂಗಡಿಗರು ತೀರ್ಮಾನಿಸಿದರು. ಧ್ವನಿಪೆಟ್ಟಿಗೆಗೂ ಕಿವಿಗೂ ನಡುವಿನ ಒಂದು ಕಡ್ಡಿಮೂಳೆಯ ಜೋಡಣೆಯನ್ನು ಮುಂದಿಟ್ಟು ಬೇರೆಯವರು ಇದನ್ನು ಪ್ರಶ್ನಿಸಿದ್ದಾರೆ. ಕಲ್ಲಿನಲ್ಲಿ ಚಪ್ಪಟೆಯಾದ ತಲೆಬುರುಡೆಯಲ್ಲಿ ಅಂಥ ಜೋಡಣೆಯನ್ನು ಓದುವುದು ಕಷ್ಟವಾದ್ದರಿಂದ ಕಾಕ್ಲಿಯದ ಸಾಕ್ಷ್ಯಕ್ಕೇ ಹೆಚ್ಚು ತೂಕ ಕೊಡುವುದು ನ್ಯಾಯ.

ಜರ್ಮನಿಯ ಮೆಸೆಲ್ ಗಣಿಯ ಬಾವಲಿಗಳು ಇವಕ್ಕಿಂತ ತುಸು ಈಚಿನವು, ಸುಮಾರು 4.8 ಕೋಟಿ ವರ್ಷ ಹಿಂದಿನವು. ಅಲ್ಲಿಯ ಎಣ್ಣೆಕಲ್ಲು ಎಷ್ಟು ಚೆನ್ನಾಗಿ ಕಾಪಾಡಿದೆಯೆಂದರೆ ಹೊಟ್ಟೆಯಲ್ಲಿ ಕೊನೆಯ ಊಟದ ಪತಂಗಗಳ ರೆಕ್ಕೆಯ ಹುರುಪೆಗಳೂ ಉಳಿದಿವೆ.

ಭಾರತದ ಪಾಲು ಗುಜರಾತಿನಲ್ಲಿದೆ. ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಿಂದ ಈಯೊಸೀನ್ ಯುಗದ ಆರಂಭದ ಏಳು ಬಾವಲಿ ಪ್ರಭೇದಗಳನ್ನು 2007ರಲ್ಲಿ ವರದಿ ಮಾಡಲಾಯಿತು. ಸಿಕ್ಕಿದ್ದು ಬಹುಪಾಲು ಬಿಡಿ ಹಲ್ಲು, ದವಡೆಯ ಚೂರು. ಆದರೆ ಅಷ್ಟರಿಂದಲೇ ಅವು ವಯೋಮಿಂಗ್ ಮತ್ತು ಮೆಸೆಲ್ ಬಾವಲಿಗಳ ಬಳಗದವೆಂದು ತಿಳಿಯಿತು. ಅವುಗಳಲ್ಲಿ ಒಂದು ಜಾತಿಯನ್ನು ಖಂಭಾತದ ಹೆಸರಿನಿಂದ ಕಂಬಾಯ ಎಂದೇ ಕರೆದಿದ್ದಾರೆ. ಸರಿಸುಮಾರು ಅದೇ ಕಾಲದ ಬಾವಲಿ ಆಸ್ಟ್ರೇಲಿಯದಲ್ಲೂ ಸಿಕ್ಕಿದೆ. ಅಂದರೆ ನಮಗೆ ಮೊದಲ ಬಾರಿ ಕಾಣಿಸುವ ಹೊತ್ತಿಗೇ ಬಾವಲಿಗಳು ಖಂಡಖಂಡಗಳಿಗೆ ಹರಡಿಬಿಟ್ಟಿದ್ದವು. ನೆಲದ ಸಸ್ತನಿಗೂ ಬಾವಲಿಗೂ ನಡುವಿನ, ಅರ್ಧ ರೆಕ್ಕೆಯ ಜೀವಿಯ ಪಳೆಯುಳಿಕೆ ಈವರೆಗೆ ಎಲ್ಲೂ ಸಿಕ್ಕಿಲ್ಲ.

ಕೈ ರೆಕ್ಕೆಯಾದ ಬಗೆ

ಹಕ್ಕಿಯ ರೆಕ್ಕೆಯಲ್ಲಿ ಬೆರಳುಗಳು ಸವೆದು ಕೂಡಿಕೊಂಡಿವೆ, ಗಾಳಿಯನ್ನು ಹಿಡಿಯುವುದು ಗರಿ. ಅಳಿದುಹೋದ ಟೆರೊಸಾರ್‌ಗಳಲ್ಲಿ ಒಂದೇ ಬೆರಳು ಉದ್ದವಾಗಿ ರೆಕ್ಕೆಯನ್ನು ಹೊತ್ತಿತ್ತು. ಬಾವಲಿಯಲ್ಲಿ ಹೆಬ್ಬೆರಳೊಂದು ಬಿಡಿಯಾಗಿ, ಉಗುರು ಸಮೇತ ಹಿಡಿಯಲು ಹತ್ತಲು ಉಳಿದಿದೆ. ಮಿಕ್ಕ ನಾಲ್ಕೂ ಕೊಡೆಯ ಕಡ್ಡಿಗಳಂತೆ ಚಾಚಿ ನಡುವೆ ಚರ್ಮ ಬಿಗಿದಿದೆ. ಹೆಗಲಿನಿಂದ ಮಣಿಕಟ್ಟಿನವರೆಗೆ ಒಂದು ಪಟ್ಟಿ, ಬೆರಳುಗಳ ನಡುವಿನದು ಒಂದು, ಕಿರುಬೆರಳಿನಿಂದ ಪಕ್ಕೆ ಮತ್ತು ಕಾಲಿನವರೆಗೆ ಒಂದು, ಎರಡು ಕಾಲುಗಳ ನಡುವೆ ಬಾಲವನ್ನೊಳಗೊಂಡು ಇನ್ನೊಂದು. ಮುಂಗೈಯ ಎರಡು ಮೂಳೆಗಳಲ್ಲಿ ಒಂದು ಉದ್ದವಾಗಿ ಇನ್ನೊಂದು ಎಳೆಯಂತೆ ಸವೆದಿದೆ. ಬೆರಳಿನ ತುದಿಯ ಮೂಳೆಗಳಲ್ಲಿ ಖನಿಜಾಂಶ ಕಡಿಮೆ, ಅದರಿಂದ ಪ್ರತಿ ಬಡಿತಕ್ಕೂ ಅವು ಮುರಿಯದೆ ಬಾಗುತ್ತವೆ. ಚರ್ಮದ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳು ಗಾಳಿಯ ಹರಿವನ್ನು ಗ್ರಹಿಸಿ ಮಿದುಳಿಗೆ ಸುದ್ದಿ ಕಳಿಸುತ್ತವೆ. ಹೀಗೆ ಬಾವಲಿ ತನ್ನ ರೆಕ್ಕೆಯ ಆಕಾರವನ್ನು ಗಳಿಗೆಗೊಮ್ಮೆ, ಬೆರಳು ಬೆರಳಾಗಿ ಬದಲಿಸಬಲ್ಲದು. ಹಕ್ಕಿಗೆ ಅಷ್ಟು ಬಿಡಿಬಿಡಿಯಾದ ಹತೋಟಿಯಿಲ್ಲ.

ಇಂಥ ಕೈ ಹುಟ್ಟಲು ಹೊಸ ವಂಶವಾಹಿಗಳೇನೂ ಬೇಕಾಗಲಿಲ್ಲ. ಇಲಿಯಲ್ಲೂ ಮನುಷ್ಯನಲ್ಲೂ ಇರುವ ವಂಶವಾಹಿಗಳೇ ಬೇರೆ ಹೊತ್ತಿಗೆ, ಬೇರೆ ಪ್ರಮಾಣದಲ್ಲಿ ಕೆಲಸ ಮಾಡಿವೆ. ಗರ್ಭದಲ್ಲಿ ಬಾವಲಿಯ ಬೆರಳು ಮೊದಮೊದಲು ಇಲಿಯ ಬೆರಳಿನಂತೆಯೇ ಇರುತ್ತದೆ. ನಂತರ ಮೂಳೆ ಬೆಳೆಸುವ ಬಿಎಂಪಿ2 ಎಂಬ ಪ್ರೋಟೀನಿನ ಮಟ್ಟ ಮುಂಗಾಲಿನ ಬೆರಳುಗಳಲ್ಲಿ ಏರಿ ಮೃದ್ವಸ್ಥಿ ಉದ್ದಕ್ಕೆ ಬೆಳೆಯುತ್ತದೆ ಎಂದು 2006ರಲ್ಲಿ ತಿಳಿದುಬಂತು. ಬೆರಳುಗಳ ನಡುವಿನ ಚರ್ಮದ ಕಥೆಯೂ ಇಂಥದ್ದೇ. ನಮ್ಮ ಕೈಗೂ ಗರ್ಭದಲ್ಲಿ ಬೆರಳ ನಡುವೆ ಚರ್ಮವಿರುತ್ತದೆ; ಅಲ್ಲಿಯ ಜೀವಕೋಶಗಳು ತಾವಾಗಿ ಸತ್ತು ಬೆರಳು ಬಿಡಿಯಾಗುತ್ತವೆ. ಬಾವಲಿಯಲ್ಲಿ ಗ್ರೆಮ್ಲಿನ್ ಮತ್ತು ಎಫ್‌ಜಿಎಫ್8 ಎಂಬ ಸಂಕೇತಗಳು ಕೂಡಿ ಆ ಸಾವನ್ನು ತಡೆಯುತ್ತವೆ. 2008ರ ಒಂದು ಪ್ರಯೋಗ ಇನ್ನೂ ನೇರವಾದದ್ದು. ಪಿಆರ್‌ಎಕ್ಸ್1 ಎಂಬ ವಂಶವಾಹಿಯನ್ನು ಚಾಲೂ ಮಾಡುವ ಡಿಎನ್‌ಎ ತುಣುಕನ್ನು ಬಾವಲಿಯಿಂದ ತೆಗೆದು ಇಲಿಯದರ ಜಾಗದಲ್ಲಿ ಇಟ್ಟಾಗ ಹುಟ್ಟಿದ ಇಲಿಮರಿಗಳ ಮುಂಗಾಲು ಶೇ 6ರಷ್ಟು ಉದ್ದವಾಗಿತ್ತು. ಶೇ 6 ಎಂದರೆ ರೆಕ್ಕೆಯಲ್ಲ. ಆದರೆ ರೆಕ್ಕೆಯತ್ತ ಹೋಗುವ ದಾರಿಯ ಮೊದಲ ಮೆಟ್ಟಿಲು ಎಷ್ಟು ಗಿಡ್ಡದ್ದಿರಬಹುದೆಂದು ಇದು ಕಣ್ಣೆದುರು ತೋರಿಸಿತು.

ರೆಕ್ಕೆಯ ಆಕಾರ ಬಾವಲಿ ಎಲ್ಲಿ ಬೇಟೆಯಾಡುತ್ತದೆ ಎಂಬುದನ್ನು ಹೇಳುತ್ತದೆ. ಬಯಲಿನ ಮೇಲೆ ಎತ್ತರದಲ್ಲಿ ವೇಗವಾಗಿ ಹಾರುವ ಮೊಲೊಸಿಡೆ ಬಾವಲಿಗಳ ರೆಕ್ಕೆ ಉದ್ದ, ಕಿರಿದು. ಪೊದೆ, ಮರಗಳ ನಡುವೆ ನುಸುಳುವ ಎಲೆಮೂಗಿನವುಗಳದು ಗಿಡ್ಡ, ಅಗಲ.

ಹಿಂಗಾಲು ಹಾರಾಟಕ್ಕೆ ಒಪ್ಪಿಸಿಕೊಂಡು ಬಡವಾಗಿದೆ. ಸೊಂಟದ ಕೀಲು ತಿರುಗಿ ಮೊಣಕಾಲು ಹಿಂದಕ್ಕೆ ಮಡಚುವಂತಿದೆ. ತಲೆಕೆಳಗಾಗಿ ನೇತಾಡಲು ಬಾವಲಿ ಸ್ನಾಯುಬಲ ಖರ್ಚು ಮಾಡುವುದಿಲ್ಲ: ಬೆರಳಿನ ಸ್ನಾಯುರಜ್ಜುವಿನ ಮೇಲಿನ ಗಂಟುಗಳು ಅದರ ಕವಚದ ಏಣುಗಳಿಗೆ ಸಿಕ್ಕಿಕೊಂಡು ಮೈಭಾರದಿಂದಲೇ ಹಿಡಿತ ಬಿಗಿಯಾಗುತ್ತದೆ. ಸತ್ತ ಬಾವಲಿ ಎಷ್ಟೋ ದಿನ ಕೊಂಬೆಯಲ್ಲಿ ಹಾಗೆಯೇ ನೇತಾಡಬಲ್ಲದ್ದು ಇದರಿಂದ. ಇದಕ್ಕೆ ಅಪವಾದಗಳಿವೆ. ನ್ಯೂಜಿಲೆಂಡಿನ ಗಿಡ್ಡಬಾಲದ ಬಾವಲಿ ರೆಕ್ಕೆಯನ್ನು ಅಚ್ಚುಕಟ್ಟಾಗಿ ಮಡಿಸಿಟ್ಟು ಕಾಡಿನ ನೆಲದ ಮೇಲೆ ನಾಲ್ಕು ಕಾಲಲ್ಲಿ ಓಡಾಡಿ ಮೇಯುತ್ತದೆ. ದಕ್ಷಿಣ ಮತ್ತು ಮಧ್ಯ ಅಮೆರಿಕದ ಥೈರಾಪ್ಟೆರ, ಮಡಗಾಸ್ಕರಿನ ಮೈಜೊಪೊಡ ಎರಡೂ ಮಣಿಕಟ್ಟಿನಲ್ಲೂ ಪಾದದಲ್ಲೂ ಬಟ್ಟಲಿನಂಥ ಅಂಟುಗಳನ್ನು ಬೆಳೆಸಿಕೊಂಡು ನುಣುಪಾದ ಎಲೆಗಳಿಗೆ ಅಂಟಿ ತಲೆ ಮೇಲಾಗಿ ಮಲಗುತ್ತವೆ. ಸಾಗರದ ಎರಡು ಕಡೆಯ ಈ ಎರಡಕ್ಕೂ ಆ ಅಂಗ ಬೇರೆ ಬೇರೆಯಾಗಿ ಬಂದದ್ದು.

ಮರುದನಿ

1793ರಲ್ಲಿ ಇಟಲಿಯ ಲಾಜರೊ ಸ್ಪಲಾಂಜಾನಿ ಕಣ್ಣು ಕಳೆದುಕೊಂಡ ಬಾವಲಿಗಳೂ ದಾರಗಳ ನಡುವೆ ತಾಗದೆ ಹಾರುವುದನ್ನು ಕಂಡ. ಜಿನೀವಾದ ಲೂಯಿ ಜುರಿನ್ ಕಿವಿ ಮುಚ್ಚಿದಾಗ ಅವು ಡಿಕ್ಕಿ ಹೊಡೆದವು. ಸದ್ದೇ ಕೇಳಿಸದ ಪ್ರಾಣಿ ಕಿವಿಯಿಂದ ದಾರಿ ಕಾಣುತ್ತದೆ ಎಂಬುದನ್ನು ಆ ಕಾಲ ನಂಬಲಿಲ್ಲ. 1938ರಲ್ಲಿ ಹಾರ್ವರ್ಡಿನ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್ ಭೌತವಿಜ್ಞಾನಿ ಪಿಯರ್ಸ್ ಅವರ ಉಪಕರಣದ ಎದುರು ಬಾವಲಿಗಳನ್ನು ಒಯ್ದಾಗ ಮನುಷ್ಯನ ಕಿವಿಗೆ ಎಟುಕದ ಎತ್ತರದ ಸ್ಥಾಯಿಯಲ್ಲಿ ಅವು ಎಡೆಬಿಡದೆ ಕೂಗುತ್ತಿರುವುದು ಗೊತ್ತಾಯಿತು. ರಾಬರ್ಟ್ ಗ್ಯಾಲಾಂಬೋಸ್ ಜೊತೆಗೂಡಿ ಅವನು ಇದನ್ನು ಸಾಬೀತುಪಡಿಸಿದ.

ಕೂಗುವ ಬಗೆ ಕುಟುಂಬದಿಂದ ಕುಟುಂಬಕ್ಕೆ ಬೇರೆ. ಪಿಪಿಸ್ಟ್ರೆಲ್ ಬಾಯಿ ತೆರೆದು, ಮೇಲಿನ ಸ್ಥಾಯಿಯಿಂದ ಕೆಳಕ್ಕೆ ಜಾರುವ ಚುಟುಕು ಕೂಗುಗಳನ್ನು ಹಾಕುತ್ತದೆ. ಕುದುರೆಲಾಳದ ಮೂಗಿನವು ಬಾಯಿ ಮುಚ್ಚಿ ಮೂಗಿನಿಂದ ಒಂದೇ ಶ್ರುತಿಯನ್ನು ಎಳೆದು ಹಿಡಿಯುತ್ತವೆ. ಮೂಗಿನ ಮೇಲಿನ ಚರ್ಮದ ಎಲೆ ಆ ದನಿಯನ್ನು ಬೆಳಕಿನ ಕೋಲಿನಂತೆ ಒಂದೆಡೆಗೆ ತಿರುಗಿಸುತ್ತದೆ. ತಾನು ಹಾರುವ ವೇಗದಿಂದ ಮರುದನಿಯ ಶ್ರುತಿ ಏರುವುದೆಂದು ಲೆಕ್ಕ ಹಾಕಿ, ಹೊರಡಿಸುವ ಶ್ರುತಿಯನ್ನೇ ಅಷ್ಟು ಇಳಿಸಿ, ಮರುದನಿ ತನ್ನ ಕಿವಿಗೆ ಅತಿ ಚೆನ್ನಾಗಿ ಕೇಳುವ ಶ್ರುತಿಗೇ ಬಂದು ಸೇರುವಂತೆ ಬಾವಲಿ ನೋಡಿಕೊಳ್ಳುತ್ತದೆ. ಪತಂಗದ ರೆಕ್ಕೆ ಅಲುಗಿದರೆ ಆ ಶ್ರುತಿ ಕಂಪಿಸುತ್ತದೆ, ಬೇಟೆ ಗೊತ್ತಾಗುತ್ತದೆ.

ಹಣ್ಣು ಬಾವಲಿಗಳಲ್ಲಿ ಧ್ವನಿಪೆಟ್ಟಿಗೆಯಿಂದ ಹೊರಡುವ ಈ ವಿದ್ಯೆಯಿಲ್ಲ. ಗುಹೆಗಳಲ್ಲಿರುವ ರೌಸೆಟಸ್ ಮಾತ್ರ ನಾಲಗೆಯಿಂದ ಲೊಟಕೆ ಹೊಡೆದು ಮರುದನಿ ಕೇಳುತ್ತದೆ. ಅದು ಬೇರೆಯೇ ಉಪಾಯ. ಹಣ್ಣು ಬಾವಲಿಗಳು ಎಲೆಮೂಗಿನವುಗಳ ದಾಯಾದಿಗಳೆಂದ ಮೇಲೆ ಎರಡೇ ದಾರಿಗಳು ಉಳಿಯುತ್ತವೆ. ಎಲ್ಲ ಬಾವಲಿಗಳ ಪೂರ್ವಜನಿಗೂ ಈ ವಿದ್ಯೆಯಿದ್ದು ಹಣ್ಣು ಬಾವಲಿಗಳು ಅದನ್ನು ಕಳೆದುಕೊಂಡಿರಬೇಕು. ಇಲ್ಲವೇ ಯಿನ್ ಯಾಂಗ್ ಎರಡು ಕೊಂಬೆಗಳಲ್ಲೂ ಅದು ಬೇರೆ ಬೇರೆಯಾಗಿ ಹುಟ್ಟಿರಬೇಕು. ಹಣ್ಣು ಬಾವಲಿಯ ಭ್ರೂಣದಲ್ಲಿ ಕಾಕ್ಲಿಯ ಆರಂಭದಲ್ಲಿ ದೊಡ್ಡದಾಗಿ ಬೆಳೆಯುವುದನ್ನು ತೋರಿಸಿದ 2017ರ ಅಧ್ಯಯನ ಮೊದಲನೆಯದನ್ನು ಬೆಂಬಲಿಸಿತು. ಎರಡು ಕೊಂಬೆಗಳ ಒಳಗಿವಿಯಲ್ಲಿ ನರಗಳ ಕಾಲುವೆಯ ರಚನೆಯೇ ಬೇರೆಯೆಂದು 2022ರಲ್ಲಿ ಕಂಡುಬಂದದ್ದು ಎರಡನೆಯದರ ಕಡೆಗೆ ವಾಲಿಸಿತು. ಚರ್ಚೆ ತೆರೆದೇ ಇದೆ.

ವಂಶವಾಹಿ ಎಂದೂ ಸುಳ್ಳು ಹೇಳುವುದಿಲ್ಲ ಎಂದು ನಂಬಿದವರಿಗೆ ಪ್ರೆಸ್ಟಿನ್‌ನ ಪಾಠ ಮುಖ್ಯ. ಕಾಕ್ಲಿಯದ ರೋಮಕೋಶಗಳಲ್ಲಿ ಎತ್ತರದ ಸ್ಥಾಯಿಯ ಸದ್ದನ್ನು ಹಿಗ್ಗಿಸುವ ಪ್ರೋಟೀನು ಇದು. 2008ರಲ್ಲಿ ಚೀನಾ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಈ ಒಂದು ವಂಶವಾಹಿಯಿಂದಲೇ ಬಾವಲಿಗಳ ವಂಶವೃಕ್ಷ ಬರೆದಾಗ ಮರುದನಿ ಬಾವಲಿಗಳೆಲ್ಲ ಒಟ್ಟಿಗೆ ಬಂದವು, ಹಣ್ಣು ಬಾವಲಿಗಳು ಹೊರಗುಳಿದವು. ಡಾಬ್ಸನ್‌ನ ಮರವೇ ಮತ್ತೆ ಚಿಗುರಿದಂತಾಯಿತು! ಎರಡು ವರ್ಷದ ನಂತರ ಅದೇ ಪ್ರೆಸ್ಟಿನ್ ಮರದಲ್ಲಿ ಡಾಲ್ಫಿನ್ ಕೂಡ ಮರುದನಿ ಬಾವಲಿಗಳ ಪಕ್ಕ ಬಂದು ಕೂತಿತು. ಒಂದೇ ಕೆಲಸಕ್ಕೆ ಒಗ್ಗಿದ ಪ್ರೋಟೀನುಗಳಲ್ಲಿ ಅಮೈನೊ ಆಮ್ಲಗಳೂ ಒಂದೇ ಕಡೆ ಒಂದೇ ರೀತಿ ಬದಲಾಗಿದ್ದವು. ಮುಖದ ಹೋಲಿಕೆಯಂತೆ ಅಣುವಿನ ಹೋಲಿಕೆಯೂ ನಂಟಿನ ವೇಷ ಹಾಕಬಲ್ಲದು. ಸಾವಿರಾರು ವಂಶವಾಹಿಗಳನ್ನು ಒಟ್ಟಿಗೆ ಓದುವ ಇಂದಿನ ಕ್ರಮಕ್ಕೆ ಇಂಥ ಅನುಭವಗಳೇ ಕಾರಣ.

ಹಲ್ಲು, ನಾಲಗೆ, ಆಹಾರ

ಬಾವಲಿಗಳ ಹಲ್ಲುಗಳ ಸಂಖ್ಯೆ ಗರಿಷ್ಠ 38. ರಕ್ತಪಾಯಿ ಡೆಸ್ಮೋಡಸ್‌ಗೆ ಇರುವುದು 20 ಮಾತ್ರ. ಹುಳ ತಿನ್ನುವವುಗಳ ದವಡೆಹಲ್ಲಿನ ಮೇಲೆ ಡಬ್ಲ್ಯು ಆಕಾರದ ಹರಿತ ಏಣುಗಳಿವೆ, ಹಣ್ಣು ತಿನ್ನುವವುಗಳದು ಸಪಾಟು. ಅಮೆರಿಕದ ಫಿಲಾಸ್ಟೊಮಿಡೆ ಕುಟುಂಬದಲ್ಲಿ ಈ ವೈವಿಧ್ಯ ಪರಾಕಾಷ್ಠೆಗೆ ಹೋಗಿದೆ. ಸುಮಾರು ಮೂರು ಕೋಟಿ ವರ್ಷಗಳಲ್ಲಿ ಹುಳ ತಿನ್ನುವ ಪೂರ್ವಜರಿಂದ ಹಣ್ಣು, ಮಕರಂದ, ಕಪ್ಪೆ, ಹಲ್ಲಿ, ಕೊನೆಗೆ ರಕ್ತವನ್ನೂ ನೆಚ್ಚುವ 200ಕ್ಕೂ ಹೆಚ್ಚು ಪ್ರಭೇದಗಳು ಇಲ್ಲಿ ಹುಟ್ಟಿವೆ. ಈಕ್ವೆಡಾರಿನ ಅನೌರ ಫಿಸ್ಟುಲೇಟ ಎಂಬುದರ ನಾಲಗೆ ಅದರ ಮೈಯ ಒಂದೂವರೆಪಟ್ಟು ಉದ್ದ. ಮಡಚಿದಾಗ ಅದರ ಬುಡ ಪಕ್ಕೆಲುಬುಗಳ ಗೂಡಿನೊಳಕ್ಕೆ ಸರಿದು ನಿಲ್ಲುತ್ತದೆ. ಆಳವಾದ ಕೊಳವೆಯ ಒಂದು ಹೂವಿಗೆ ಅದು ಪರಾಗ ಒಯ್ಯುತ್ತದೆ. ರಕ್ತಪಾಯಿಗಳು ಜಗತ್ತಿನಲ್ಲಿ ಮೂರೇ ಪ್ರಭೇದ, ಮೂರೂ ಅಮೆರಿಕದವು. ಡೆಸ್ಮೋಡಸ್‌ನ ಮೇಲಿನ ಬಾಚಿಹಲ್ಲಿಗೆ ಎನಾಮಲ್ ಇಲ್ಲ, ಅದರಿಂದ ಅಲಗು ಸದಾ ಹರಿತ. ಮೂಗಿನಲ್ಲಿ ಬಿಸಿಯನ್ನು ಅರಿಯುವ ನರಗಳಿದ್ದು ಚರ್ಮದಡಿ ರಕ್ತ ಎಲ್ಲಿ ಹತ್ತಿರದಲ್ಲಿದೆಯೆಂದು ತಿಳಿಯುತ್ತದೆ. ನಮ್ಮ ಗುಡಿ ಗೋಪುರಗಳಲ್ಲಿ ಕಾಣುವ ಹುಸಿ ರಕ್ತಪಾಯಿ ರಕ್ತ ಕುಡಿಯುವುದಿಲ್ಲ. ದೊಡ್ಡ ಹುಳ, ಕಪ್ಪೆ, ಇಲಿಗಳನ್ನು ಹಿಡಿದು ತಿನ್ನುತ್ತದೆ.

ಏಷ್ಯಾದಲ್ಲಿ ಮಕರಂದದ ಕೆಲಸವನ್ನು ಟೆರೊಪೊಡಿಡೆ ಕುಟುಂಬದ ಈಯೊನಿಕ್ಟೆರಿಸ್ ಮೊದಲಾದವು ವಹಿಸಿಕೊಂಡಿವೆ. ಅವುಗಳ ಮೂತಿಯೂ ನೀಳ, ನಾಲಗೆಯ ತುದಿಯೂ ಕುಂಚದಂತೆ. ಅಮೆರಿಕದ ಮಕರಂದಪಾಯಿಗಳೊಂದಿಗೆ ಇಟ್ಟು ನೋಡಿದರೆ ಒಡಹುಟ್ಟುಗಳೆನ್ನಬೇಕು. ಆದರೆ ಒಂದು ಯಿನ್, ಇನ್ನೊಂದು ಯಾಂಗ್.

ಪ್ರಭೇದಗಳನ್ನು ಗುರುತಿಸುವುದು

ಕುಟುಂಬಗಳ ಮಟ್ಟದಲ್ಲಿ ಕಂಡ ತೊಡಕು ಪ್ರಭೇದಗಳ ಮಟ್ಟದಲ್ಲಿ ತಿರುಗುಮುರುಗಾಗುತ್ತದೆ. ಅಲ್ಲಿ ದೂರದವು ಒಂದೇ ತೆರ ಕಂಡರೆ, ಇಲ್ಲಿ ಒಂದೇ ಎಂದುಕೊಂಡದ್ದು ಎರಡಾಗಿ ಒಡೆಯುತ್ತದೆ. ಬ್ರಿಟನ್ನಿನ ಅತಿ ಸಾಮಾನ್ಯ ಬಾವಲಿಯಾದ ಪಿಪಿಸ್ಟ್ರೆಲ್‌ಗಳಲ್ಲಿ ಕೆಲವು 45 ಕಿಲೊಹರ್ಟ್ಸ್ ಸುತ್ತ, ಕೆಲವು 55ರ ಸುತ್ತ ಕೂಗುತ್ತವೆಂದು 1990ರ ದಶಕದಲ್ಲಿ ಗಮನಕ್ಕೆ ಬಂತು. ಕೈಯಲ್ಲಿ ಹಿಡಿದರೆ ವ್ಯತ್ಯಾಸವೇ ಕಾಣದು. 1997ರಲ್ಲಿ ಡಿಎನ್‌ಎ ಹೋಲಿಸಿದಾಗ ಅವು ಎಂದೋ ಬೇರೆಯಾದ ಎರಡು ಪ್ರಭೇದಗಳೆಂದು ಗೊತ್ತಾಯಿತು. ಅಷ್ಟೊಂದು ಜನ ಅಷ್ಟೊಂದು ವರ್ಷ ನೋಡಿದ ಪ್ರಾಣಿಯದು ಈ ಕಥೆ. ಧ್ವನಿಮುದ್ರಣ ಈಗ ಬಾವಲಿ ಸಮೀಕ್ಷೆಯ ಅಗತ್ಯ ಸಾಧನ.

ಹಳೆಯ ಕಪಾಟುಗಳಲ್ಲಿ ಸಿಗುವ ಹೊಸತುಗಳೂ ಇವೆ. 1948ರಲ್ಲಿ ಪ್ಲಾಂಟರ್ ಮತ್ತು ನಿಸರ್ಗಪ್ರೇಮಿ ಆಂಗಸ್ ಹಟನ್ ತಮಿಳುನಾಡಿನ ಹೈ ವೇವಿ ಬೆಟ್ಟಗಳಲ್ಲಿ ಒಂದು ಹಣ್ಣು ಬಾವಲಿಯನ್ನು ಸಂಗ್ರಹಿಸಿದ. ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಅದಕ್ಕೆ ನಮ್ಮೂರುಗಳಲ್ಲೆಲ್ಲ ಇರುವ ಗಿಡ್ಡಮೂತಿಯ ಸೈನಾಪ್ಟೆರಸ್ ಎಂಬ ಚೀಟಿ ಅಂಟಿತು. ಇಪ್ಪತ್ತನಾಲ್ಕು ವರ್ಷಗಳ ಮೇಲೆ, 1972ರಲ್ಲಿ, ಥಾಯ್ಲೆಂಡಿನ ಕಿಟ್ಟಿ ಥಾಂಗ್ಲಾಂಗ್ಯ ಅದನ್ನು ಕೈಗೆತ್ತಿಕೊಂಡು ನೋಡಿದ. ಬಾಲವಿಲ್ಲ, ಮೇಲೆ ಕೆಳಗೆ ಒಂದೊಂದೇ ಜೊತೆ ಬಾಚಿಹಲ್ಲು. ಅದು ಹೊಸ ಪ್ರಭೇದ ಮಾತ್ರವಲ್ಲ, ಹೊಸ ಜಾತಿಯೇ ಆಗಿತ್ತು. ಸಲೀಂ ಅಲಿಯವರ ಹೆಸರಿನಲ್ಲಿ ಅದು ಲ್ಯಾಟಿಡೆನ್ಸ್ ಸಲಿಮಾಲೀ ಆಯಿತು. ಎರಡು ಗ್ರಾಂ ತೂಗುವ ಹಂದಿಮೂತಿ ಬಾವಲಿಯನ್ನು ಸಂಗ್ರಹಿಸಿದವನೂ ಇದೇ ಕಿಟ್ಟಿ. ಅದಕ್ಕೆ ಹೆಸರಿಡುವ ಮುನ್ನ ಅವನು ತೀರಿಕೊಂಡ. 1974ರಲ್ಲಿ ಅದನ್ನು ವಿವರಿಸಿದ ಜಾನ್ ಹಿಲ್ ಪ್ರಭೇದದ ಹೆಸರಿನಲ್ಲಿ ಅವನನ್ನು ಉಳಿಸಿದ.

ಆ ಚೀಟಿ ಬದಲಾದದ್ದರ ಪರಿಣಾಮ ಮ್ಯೂಸಿಯಮ್ಮಿನ ಗೋಡೆಯಾಚೆಗೂ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಣ್ಣು ಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಉಪದ್ರವಕಾರಿ ಪ್ರಾಣಿಗಳ ಐದನೆಯ ಅನುಸೂಚಿಯಲ್ಲಿ ಹಾಕಿತ್ತು. ಅವನ್ನು ಕೊಲ್ಲಲು ತಡೆಯಿರಲಿಲ್ಲ. ಆ ಅನುಸೂಚಿ ಹೋದದ್ದು 2022ರ ತಿದ್ದುಪಡಿಯಲ್ಲಿ. ಸೈನಾಪ್ಟೆರಸ್ ಎಂದೇ ಉಳಿದಿದ್ದರೆ ಸಲೀಂ ಅಲಿ ಬಾವಲಿಯ ಪಾಡೂ ಅದೇ ಆಗುತ್ತಿತ್ತು. ಬೇರೆಯೆಂದು ಗುರುತಾದದ್ದರಿಂದ ಅದಕ್ಕೆ ಹುಲಿ, ಆನೆಗಳಿರುವ ಮೊದಲನೆಯ ಅನುಸೂಚಿಯ ರಕ್ಷಣೆ ದೊರೆಯಿತು. ಅದೇ ಅನುಸೂಚಿಗೆ ಸೇರಿದ ಇನ್ನೊಂದು ಬಾವಲಿ ಕರ್ನಾಟಕದ್ದು: ಬೆಳಗಾವಿ ಜಿಲ್ಲೆಯ ಬಾರಾಪೆಡೆ ಗುಹೆಯಿಂದ ದೊರೆತು 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಹೆಸರಿಸಿದ ಓಟೊಮಾಪ್ಸ್ ರಾಟೋನಿ. ಹಣೆಯಾಚೆ ಮುಂದಕ್ಕೆ ಚಾಚಿದ ದೊಡ್ಡ ಕಿವಿಯ ಈ ಮೊಲೊಸಿಡೆ ಬಾವಲಿಗೆ ಬಹುಕಾಲ ಜಗತ್ತಿನಲ್ಲಿ ಈ ಒಂದೇ ನೆಲೆ ಗೊತ್ತಿತ್ತು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಕಂಡುಬಂದಿದೆ.

ಕೋಲಾರದ ಎಲೆಮೂಗಿನ ಬಾವಲಿಗೆ ಅಂಥ ಎರಡನೆಯ ನೆಲೆ ಇಲ್ಲ. ಹಿಪ್ಪೊಸಿಡೆರಸ್ ಜಾತಿಯ ಸಣ್ಣ ಬಾವಲಿಗಳು ಒಂದನ್ನೊಂದು ಎಷ್ಟು ಹೋಲುತ್ತವೆಯೆಂದರೆ ಮೂಗಿನೆಲೆಯ ಮಡಿಕೆ, ತಲೆಬುರುಡೆಯ ಅಳತೆ, ಕೂಗಿನ ಶ್ರುತಿಗಳನ್ನು ನೋಡದೆ ಹೆಸರು ಹೇಳಲಾಗದು. 1994ರಲ್ಲಿ ಡೀಟರ್ ಕಾಕ್ ಮತ್ತು ಎಚ್. ಆರ್. ಭಟ್ ಕೋಲಾರದ ಮಾದರಿಗಳನ್ನು ಹೊಸ ಪ್ರಭೇದವೆಂದು ಬೇರ್ಪಡಿಸಿ ಹಿಪ್ಪೊಸಿಡೆರಸ್ ಹೈಪೊಫಿಲ್ಲಸ್ ಎಂದು ಕರೆದರು. ಎರಡನೆಯ ಪದಕ್ಕೆ ಎಲೆಯ ಕೆಳಗೆ ಎಂದರ್ಥ. ಈಗ ಅದು ಉಳಿದಿರುವುದು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಂಡೆಗುಡ್ಡದ ಒಂದೇ ಗುಹೆಯಲ್ಲಿ. ಸಂಖ್ಯೆ 200ರ ಒಳಗೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಪ್ರಭೇದ. ಗ್ರಾನೈಟ್‌ಗಾಗಿ ಬಂಡೆ ಒಡೆಯುವುದೇ ಅದಕ್ಕೆ ಬಂದಿರುವ ಮುಖ್ಯ ಆಪತ್ತು.